ಗಣಿಯಲ್ಲಿ ಕ್ರೇನ್ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಡೂರು, ಹೊಸಪೇಟೆ ಕಡೆಯ ಅದಿರು ಗಣಿಗಳಲ್ಲಿ ಮೊದಲು ರಿಗ್ಗರ್ ಆಗಿ, ಅಂದರೆ ಎತ್ತುವ ಸಾಮಾನನ್ನು ಕ್ರೇನಿಗೆ ಕಟ್ಟುವವನಾಗಿ, ಆಮೇಲೆ ಲಿಫ್ಟಿಂಗ್ ಸೂಪರ್‌ವೈಸರ್ ಆಗಿ ಕೆಲಸ ಮಾಡಿದ್ದೇನೆ. ಹೊಸ ಹುಡುಗರು, ಆಪರೇಟರ್‌ಗಳು, ಕಾಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್‌ಗಳು, ಎಷ್ಟೋ ಸಲ ಅವರ ಮನೆಯವರೂ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಮಾತಲ್ಲೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದದ್ದು

ಗಣಿ ಅಂದ್ರೆ ಡಂಪರ್, ಹಿಟಾಚಿ ತಾನೆ? ಅಲ್ಲಿ ಕ್ರೇನಿಗೆ ಏನು ಕೆಲಸ?

ಅದಿರು ತೆಗೆಯೋದು ಹಿಟಾಚಿ, ಸಾಗಿಸೋದು ಡಂಪರ್. ಆದರೆ ಅವು ಕೆಟ್ಟಾಗ ಬೇಕಾಗೋದು ಕ್ರೇನ್. ಬಕೆಟ್ ಬಿಚ್ಚಬೇಕು, ಎಂಜಿನ್ ಇಳಿಸಬೇಕು, ಕ್ರಷರಿನ ದವಡೆ ಪ್ಲೇಟ್ ಬದಲಿಸಬೇಕು, ಕನ್ವೇಯರ್ ಡ್ರಮ್ ಏರಿಸಬೇಕು, ಗುಂಡಿಯ ತಳದಿಂದ ಪಂಪ್ ಎತ್ತಬೇಕು. ನೂರು ಟನ್ ವರ್ಗದ ಡಂಪರಿನ ಒಂದು ಟೈರೇ ಒಂದೂವರೆ ಟನ್‌ಗಿಂತ ಜಾಸ್ತಿ ತೂಗುತ್ತದೆ. ನಿಲ್ಲಿಸಿದರೆ ಮನುಷ್ಯನಿಗಿಂತ ಎಷ್ಟೋ ಎತ್ತರ.

ಕಟ್ಟಡದ ಸೈಟಿಗೂ ಗಣಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಗಣಿಯಲ್ಲಿ ನೆಲ ದಿನಾ ಬದಲಾಗುತ್ತದೆ. ಹೋದ ವಾರ ಗಟ್ಟಿ ಬಂಡೆ ಇದ್ದ ಜಾಗದಲ್ಲಿ ಈ ವಾರ ಮಣ್ಣು ತುಂಬಿಸಿರುತ್ತಾರೆ. ಜತೆಗೆ ಮಾಡೋದೆಲ್ಲ ಬ್ರೇಕ್‌ಡೌನ್ ಕೆಲಸ. ಉತ್ಪಾದನೆ ನಿಂತಿರುತ್ತೆ, ಎಲ್ಲರಿಗೂ ಅವಸರ. ನಾನು ನೋಡಿದ ಹೆಚ್ಚಿನ ಅನಾಹುತಗಳು ದೊಡ್ಡ ಲಿಫ್ಟಿನಲ್ಲಿ ಆಗಿಲ್ಲ, "ಐದು ನಿಮಿಷದ ಕೆಲಸ" ಅಂದುಕೊಂಡಲ್ಲೇ ಆಗಿವೆ.

ಕ್ರೇನ್ ಮೇಲೆ 14 ಟನ್ ಅಂತ ಬರೆದಿದೆ. ನಾವು ಎತ್ತೋದು 5 ಟನ್. ಇದಕ್ಕೂ ಯಾಕೆ ಇಷ್ಟು ಯೋಚನೆ?

ತುಂಬಿದ ಕೊಡ ಸೊಂಟದ ಮೇಲಿದ್ದರೆ ಅರ್ಧ ಮೈಲಿ ನಡೆಯಬಹುದು. ಅದೇ ಕೊಡವನ್ನು ಕೈ ಪೂರ್ತಿ ಚಾಚಿ ಹಿಡಿಯಿರಿ ನೋಡೋಣ. ಕೊಡದ ತೂಕ ಬದಲಾಗಿಲ್ಲ, ದೂರ ಬದಲಾಗಿದೆ ಅಷ್ಟೆ.

ಕ್ರೇನೂ ಹಾಗೇ. ಮೈ ಮೇಲೆ ಬರೆದ 14 ಟನ್ ಅನ್ನೋದು ಬೂಮ್, ಅಂದರೆ ಕ್ರೇನಿನ ಉದ್ದ ತೋಳು, ಪೂರ್ತಿ ಒಳಗಿದ್ದು, ಲೋಡ್ ಕ್ರೇನಿನ ಮೂತಿಗೆ ತೀರಾ ಹತ್ತಿರ ಇದ್ದಾಗಿನ ಮಾತು. ಬೂಮ್ ಚಾಚಿದ ಹಾಗೆ, ಲೋಡ್ ದೂರ ಹೋದ ಹಾಗೆ ಶಕ್ತಿ ಇಳಿಯುತ್ತಾ ಹೋಗುತ್ತದೆ. ಪೂರ್ತಿ ಚಾಚಿದಾಗ ಅದೇ ಕ್ರೇನ್ ಹೆಸರಿಗಿರುವ ಟನ್ನಿನ ಸಣ್ಣ ಪಾಲನ್ನಷ್ಟೇ ಎತ್ತಬಲ್ಲದು. ಎಷ್ಟು ಅನ್ನೋದು ಕ್ಯಾಬಿನ್ನಿನಲ್ಲಿರುವ ಲೋಡ್ ಚಾರ್ಟ್‌ನಲ್ಲಿದೆ. ಚಾರ್ಟ್ ಹರಿದಿದ್ದರೆ ಅಥವಾ ಬೇರೆ ಮಾದರಿಯದ್ದಾಗಿದ್ದರೆ ಕೆಲಸ ಶುರು ಮಾಡಬೇಡಿ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರೋದಿಲ್ಲ. ಭಾರ ಬಿದ್ದಾಗ ಬೂಮ್ ಸ್ವಲ್ಪ ಬಾಗುತ್ತದೆ. ಆಗ ದೂರ ಇನ್ನೂ ಹೆಚ್ಚುತ್ತದೆ. ಲೋಡ್ ನೆಲ ಬಿಟ್ಟ ಕೂಡಲೇ ಮುಂದಕ್ಕೆ ಸರಿಯೋದು ಇದಕ್ಕೇ. ಚಾರ್ಟಿನ ಅಂಚಿಗೆ ಲೆಕ್ಕ ಹಾಕಿ ನಿಂತವರು ಸಿಕ್ಕಿಹಾಕಿಕೊಳ್ಳೋದೂ ಇಲ್ಲೇ.

ಲೋಡಿನ ತೂಕ ಯಾರಿಗೂ ಗೊತ್ತಿಲ್ಲ. ಎತ್ತಿ ನೋಡಿದ್ರೆ ಗೊತ್ತಾಗಲ್ವಾ?

ಎತ್ತಿ ನೋಡೋದು ತೂಕ ಮಾಡುವ ದಾರಿ ಅಲ್ಲ. ಮೊದಲು ನೇಮ್ ಪ್ಲೇಟ್ ನೋಡಿ, ಇಲ್ಲದಿದ್ದರೆ ಯಂತ್ರದ ಮ್ಯಾನುಯಲ್. ಎರಡೂ ಇಲ್ಲದಿದ್ದರೆ ಟೇಪ್ ಹಿಡಿದು ಅಳೆಯಿರಿ. ಒಂದು ಘನ ಮೀಟರ್ ಉಕ್ಕು ಸುಮಾರು 7.85 ಟನ್. 3 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, 25 ಮಿ.ಮೀ. ದಪ್ಪದ ಪ್ಲೇಟ್ ಅಂದರೆ ಹತ್ತಿರ ಹತ್ತಿರ 880 ಕೆಜಿ. ಇಷ್ಟು ಲೆಕ್ಕ ಫೋನಿನಲ್ಲೇ ಆಗುತ್ತದೆ.

ಹೂಕ್ ಬ್ಲಾಕ್ (ಕೊಕ್ಕೆ ಮತ್ತು ಅದರ ರಾಟೆ), ಸ್ಲಿಂಗ್ (ಲೋಡಿಗೆ ಕಟ್ಟುವ ಬೆಲ್ಟ್ ಅಥವಾ ವೈರ್ ರೋಪ್), ಶಾಕಲ್ (ಪಿನ್ ಹಾಕಿ ಮುಚ್ಚುವ ಕೊಂಡಿ), ಸ್ಪ್ರೆಡರ್ ಬೀಮ್ (ಸ್ಲಿಂಗ್ ಕಾಲುಗಳನ್ನು ಅಗಲಿಸಿ ಹಿಡಿಯುವ ಅಡ್ಡ ತೊಲೆ) ಎಲ್ಲದರ ತೂಕವೂ ಲೋಡಿಗೇ ಸೇರುತ್ತದೆ. ಗಣಿಯಲ್ಲಿ ಇನ್ನೊಂದು ಇದೆ, ಅಂಟಿಕೊಂಡ ಅದಿರು. ಮಳೆಗಾಲದಲ್ಲಿ ಬಕೆಟ್ ಒಳಗೆ ಮೆತ್ತಿಕೊಂಡ ಕೆಂಪು ಪುಡಿ ಒಣಗಿದ ಮೇಲೆ ಕಲ್ಲಿನ ಹಾಗೆ ಕೂತಿರುತ್ತೆ. ಕೆರೆದು ತೆಗೆದ ಮೇಲೆ ಗುಡ್ಡೆ ನೋಡಿದರೆ ಆಶ್ಚರ್ಯ ಆಗುತ್ತದೆ. ಕೆಸರಲ್ಲಿ ಹೂತ ಪಂಪನ್ನು ಎಳೆಯುವಾಗಲೂ ಅಷ್ಟೇ. ಕೆಸರು ಹೀರಿ ಹಿಡಿದಿರುತ್ತೆ, ಹೂಕಿನ ಮೇಲೆ ಪಂಪಿನ ತೂಕಕ್ಕಿಂತ ಎಷ್ಟೋ ಜಾಸ್ತಿ ಭಾರ ಬೀಳುತ್ತೆ. ಮೊದಲು ಅಗೆದು, ನೀರು ಬಿಟ್ಟು ಸಡಿಲ ಮಾಡಿ. ಬೋಲ್ಟ್ ಒಂದೂ ಉಳಿದಿಲ್ಲ ಅಂತ ಕಣ್ಣಾರೆ ನೋಡಿ.

ಹೈಡ್ರಾ ಅಂದ್ರೆ ಸೇಫ್ಟಿಯವರಿಗೆ ಯಾಕೆ ಅಷ್ಟು ಸಿಟ್ಟು? ಎಲ್ಲಾ ಕಡೆ ಅದೇ ಓಡಾಡುತ್ತಲ್ಲ?

ಹೈಡ್ರಾ ಅಂದರೆ ಲೋಡ್ ಎತ್ತಿಕೊಂಡೇ ಓಡಾಡುವ ಟೈರಿನ ಕ್ರೇನ್, ಕೆಲಸಕ್ಕೆ ಬಾರದ ಯಂತ್ರ ಅಲ್ಲ. ಆದರೆ ಹಳೆ ಮಾದರಿಯಲ್ಲಿ ಆಪರೇಟರ್ ಹಿಂದೆ ಕೂತಿರುತ್ತಾನೆ, ಕಣ್ಣ ಮುಂದೆ ಬೂಮ್, ಅದರ ಮುಂದೆ ಲೋಡ್. ಮುಂದಿನ ಟೈರಿನ ಹತ್ತಿರ ಯಾರಿದ್ದಾರೆ ಅಂತ ಅವನಿಗೆ ಕಾಣೋದೇ ಇಲ್ಲ. ಅದೇ ಜಾಗದಲ್ಲಿ ಹೆಲ್ಪರ್ ಲೋಡ್ ಹಿಡಿದುಕೊಂಡು ನಡೆಯುತ್ತಿರುತ್ತಾನೆ. ಕಲ್ಲು ಎಡವಿದರೆ ಚಕ್ರ ಅವನ ಮೇಲೇ. ಎರಡನೆಯದು, ಈ ಕ್ರೇನ್ ನಡು ಮುರಿದಂತೆ ತಿರುಗುತ್ತದೆ. ತಿರುಗಿದಾಗ ನೆಲೆ ಬದಲಾಗುತ್ತದೆ, ನೇರ ನಿಂತಾಗ ಎತ್ತಿದ ಭಾರ ತಿರುವಿನಲ್ಲಿ ಉರುಳಿಸಬಹುದು. ಗಣಿ ರಸ್ತೆಯ ಇಳಿಜಾರು ಸೇರಿದರೆ ಕೇಳುವುದೇ ಬೇಡ.

ಕ್ಯಾಬಿನ್ ಮುಂದಿರುವ ಹೊಸ ಮಾದರಿ ಬಂದಿವೆ, ಸೈಟಲ್ಲಿ ಫರಾನಾ ಅಂತ ಕರೀತಾರೆ. ಅವುಗಳಲ್ಲಿ ನೋಟ ಎಷ್ಟೋ ವಾಸಿ. ಯಾವುದೇ ಇರಲಿ, ಲೋಡ್ ನೆಲದಿಂದ ಒಂದು ಗೇಣಿಗಿಂತ ಬಹಳ ಮೇಲೆ ಬೇಡ, ನಡೆಯುವ ವೇಗ ಸಾಕು. ಜತೆಗೆ ಹೋಗುವವನು ಉದ್ದ ಹಗ್ಗ ಹಿಡಿದು ಪಕ್ಕಕ್ಕೆ ದೂರ ನಡೆಯಬೇಕು, ಮುಂದೆ ಅಲ್ಲ.

## ನೆಲ

ಔಟ್‌ರಿಗರ್ ಒಂದು ಕಡೆ ಪೂರ್ತಿ ತೆಗೆಯೋಕೆ ಜಾಗ ಇಲ್ಲ. ಅರ್ಧ ತೆಗೆದರೆ ಆಗಲ್ವಾ?

ಔಟ್‌ರಿಗರ್ ಅಂದರೆ ಕ್ರೇನ್ ಉರುಳದಂತೆ ಪಕ್ಕಕ್ಕೆ ಚಾಚಿ ನೆಲಕ್ಕೆ ಊರುವ ಕಾಲು. ಆ ಕ್ರೇನಿನ ಚಾರ್ಟ್‌ನಲ್ಲಿ ಅರ್ಧಕ್ಕೆ ಬೇರೆ ಪಟ್ಟಿ ಕೊಟ್ಟಿದ್ದರೆ ಆ ಪಟ್ಟಿಯಂತೆ ಎತ್ತಬಹುದು. ಇಲ್ಲದಿದ್ದರೆ ಆಗಲ್ಲ. ಪೂರ್ತಿ ಚಾಚಿದ ಕಡೆ ಎತ್ತಿ ಅರ್ಧ ಇರುವ ಕಡೆಗೆ ತಿರುಗಿಸೋದು ಇದೆಯಲ್ಲ, ದಯವಿಟ್ಟು ಅದನ್ನು ಮಾಡಬೇಡಿ. ಕ್ರೇನ್ ಪಕ್ಕಕ್ಕೆ ಉರುಳೋದು ಹೀಗೇನೆ. ಟೈರ್‌ಗಳು ನೆಲ ಬಿಟ್ಟಿರಬೇಕು, ಮಟ್ಟ ತೋರಿಸುವ ಸಾಧನದ ಬಬಲ್ (ಗಾಳಿ ಗುಳ್ಳೆ) ನಡುವಿಗೆ ಬಂದಿರಬೇಕು. ಹೆಚ್ಚಿನ ಚಾರ್ಟ್‌ಗಳನ್ನು ಕ್ರೇನ್ ಶೇ. 1ರೊಳಗೆ ಮಟ್ಟವಾಗಿ ನಿಂತಿದೆ ಅಂತ ಇಟ್ಟುಕೊಂಡೇ ಬರೆದಿರುತ್ತಾರೆ. ಕಣ್ಣಳತೆಗೆ ಮಟ್ಟ ಅನ್ನಿಸೋದು ಬೇರೆ, ಬಬಲ್ ತೋರಿಸೋದು ಬೇರೆ.

ನೆಲ ಗಟ್ಟಿಯಾಗೇ ಕಾಣುತ್ತೆ, ಲೋಡೆಡ್ ಡಂಪರ್ ಓಡಾಡಿದೆ. ಆದ್ರೂ ಸ್ಲೀಪರ್ ಹಾಕಬೇಕಾ?

ಸ್ಲೀಪರ್, ಅಂದರೆ ಪಾದದ ಕೆಳಗೆ ಕೊಡುವ ದಪ್ಪ ಮರದ ದಿಮ್ಮಿ, ಹಾಕಲೇಬೇಕು. ಒಂದು ಸಣ್ಣ ಲೆಕ್ಕ ನೋಡಿ. ದೊಡ್ಡ ಲಿಫ್ಟಿನಲ್ಲಿ ಒಂದು ಔಟ್‌ರಿಗರ್ ಮೇಲೆ 20 ಟನ್ ಬಿತ್ತು ಅಂದುಕೊಳ್ಳಿ. ಅದರ ಪಾದ 30 ಸೆ.ಮೀ. ಚೌಕ. ಅಂದರೆ ಒಂದು ಚದರ ಮೀಟರಿಗೆ 220 ಟನ್ನಿಗೂ ಮೇಲೆ ಒತ್ತಡ. ಅದೇ ಪಾದದ ಕೆಳಗೆ ಒಂದು ಮೀಟರ್ ಚೌಕದ ಗಟ್ಟಿ ಮ್ಯಾಟ್ ಇಟ್ಟರೆ 20 ಟನ್‌ಗೆ ಇಳಿಯುತ್ತದೆ. ಹನ್ನೊಂದು ಪಟ್ಟು ಕಡಿಮೆ. ಡಂಪರ್ ಭಾರವೇ, ಒಪ್ಪುತ್ತೇನೆ. ಆದರೆ ಅದರ ಟೈರ್ ಅಗಲ, ಮತ್ತೆ ಅದು ಉರುಳಿ ಹೋಗುತ್ತೆ. ಕ್ರೇನಿನ ಪಾದ ಒಂದೇ ಕಡೆ ಗಂಟೆಗಟ್ಟಲೆ ಒತ್ತುತ್ತೆ.

ನಾನು ಇದನ್ನು ಕಲಿತದ್ದು ಒಂದು ಕ್ರಷರ್ ಹತ್ತಿರ. ಸ್ಕ್ರೀನಿನ, ಅಂದರೆ ಅದಿರು ಜರಡಿಯ, ಮೋಟರ್ ಇಳಿಸುತ್ತಿದ್ದೆವು. ಹಿಂದಿನ ರಾತ್ರಿ ಮಳೆ, ಬೆಳಗ್ಗೆ ಬಿಸಿಲು, ಮೇಲ್ಮೈ ಒಣಗಿ ಗಟ್ಟಿ ಕಾಣುತ್ತಿತ್ತು. ಎರಡು ತೆಳ್ಳಗಿನ ಹಲಗೆ ಕೊಟ್ಟು ಜಾಕ್ ಇಳಿಸಿದೆವು. ಮೋಟರ್ ಗಾಳಿಯಲ್ಲಿದ್ದಾಗ ನಾನು ಪಾದದ ಕಡೆ ನೋಡಿದೆ. ಹಲಗೆಯ ಅಂಚಿನಿಂದ ಕೆಂಪು ನೀರು ಸಣ್ಣಗೆ ಉಕ್ಕುತ್ತಿತ್ತು, ಮುಷ್ಟಿಯಲ್ಲಿ ಹಿಂಡಿದ ಹಾಗೆ. ಸದ್ದಿಲ್ಲ, ಬಿರುಕಿಲ್ಲ, ನೀರು ಮಾತ್ರ. ಕೈ ಎತ್ತಿ ನಿಲ್ಲಿಸಿದೆ. ಆಪರೇಟರ್ ಬಬಲ್ ಸರಿದದ್ದನ್ನು ಆಗಲೇ ಕಂಡಿದ್ದ, ಮೋಟರನ್ನು ಹತ್ತಿರಕ್ಕೆ ತಂದು ಮೆಲ್ಲಗೆ ಇಳಿಸಿದ. ಪಾದ ಒಂದು ಗೇಣು ಹೂತಿತ್ತು. ಆಮೇಲೆ ಅಗೆದು ನೋಡಿದರೆ ಕೆಳಗೆ ಹಳೆ ಕೇಬಲ್ ಟ್ರೆಂಚ್, ಸುಮ್ನೆ ಮಣ್ಣು ತುಂಬಿ ಮುಚ್ಚಿದ್ದರು. ಆ ಟ್ರೆಂಚ್ ಎಲ್ಲಿದೆ ಅಂತ ಎಲೆಕ್ಟ್ರಿಕಲ್ ವಿಭಾಗದವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು, ನಾವು ಕೇಳಿರಲಿಲ್ಲ.

ಅಂದಿನಿಂದ ಕ್ರೇನ್ ನಿಲ್ಲಿಸುವ ಮೊದಲು ಆ ಜಾಗದ ಹಳಬರನ್ನು ಹುಡುಕಿ ಕೇಳುತ್ತೇನೆ: ಇಲ್ಲಿ ಮೊದಲು ಏನಿತ್ತು? ಲಿಫ್ಟ್ ನಡೆಯುವಾಗ ಒಬ್ಬನಿಗೆ ಪಾದಗಳನ್ನು ನೋಡೋದೇ ಕೆಲಸ.

ಬೆಂಚಿನ ಅಂಚಿಗೆ ಎಷ್ಟು ಹತ್ತಿರ ಕ್ರೇನ್ ನಿಲ್ಲಿಸಬಹುದು?

ಬೆಂಚ್ ಅಂದರೆ ಗಣಿಯಲ್ಲಿ ಮೆಟ್ಟಿಲಿನ ಹಾಗೆ ಕಡಿದ ಹಂತ. ಎಲ್ಲ ಕಡೆಗೂ ಒಂದೇ ಸಂಖ್ಯೆ ಹೇಳೋದು ತಪ್ಪಾಗುತ್ತದೆ. ಸಡಿಲ ಮಣ್ಣು, ತುಂಬಿದ ನೆಲ ಆದರೆ ಕೆಳಗಿನ ಆಳ ಎಷ್ಟೋ ಕನಿಷ್ಠ ಅಷ್ಟು ದೂರ ಪಾದ ಇರಲಿ ಅನ್ನೋದು ನಾನು ಪಾಲಿಸುವ ಅಳತೆ. ಗಟ್ಟಿ ಬಂಡೆ ಅನ್ನಿಸಿದರೂ ಗಣಿ ಎಂಜಿನಿಯರ್ ಬಂದು ನೋಡಿ ಬರೆದು ಕೊಡಲಿ. ಬ್ಲಾಸ್ಟಿಂಗ್ ಆದ ಬೆಂಚಿನಲ್ಲಿ ಬಿರುಕು ಒಳಗೆ ಹೋಗಿರುತ್ತೆ, ಮೇಲಿನಿಂದ ಕಾಣಲ್ಲ. ಓವರ್‌ಬರ್ಡನ್ ಡಂಪ್ (ಅದಿರಿನ ಮೇಲಿಂದ ತೆಗೆದ ಬೇಡದ ಮಣ್ಣಿನ ಗುಡ್ಡೆ) ಮೇಲೆ ಕ್ರೇನ್ ನಿಲ್ಲಿಸೋದಂತೂ ನನ್ನ ಮಟ್ಟಿಗೆ ಇಲ್ಲವೇ ಇಲ್ಲ. ಕೆಟ್ಟ ಯಂತ್ರವನ್ನೇ ಒಳಗೆ ಎಳೆದು ತನ್ನಿ. ಬ್ಲಾಸ್ಟಿಂಗ್ ಸಮಯ ಮೊದಲೇ ಕೇಳಿಕೊಳ್ಳಿ, ಸೈರನ್ ಆದಾಗ ಹೂಕಿನಲ್ಲಿ ಲೋಡ್ ಇರಬಾರದು.

## ಸ್ಲಿಂಗ್ ಮತ್ತು ಕೈ

ಸ್ಲಿಂಗ್ 5 ಟನ್ನಿಂದು, ಎರಡು ಹಾಕಿದ್ದೀವಿ. 10 ಟನ್ ಎತ್ತಬಹುದು ಅಲ್ವಾ?

ಎರಡೂ ನೆಟ್ಟಗೆ ನಿಂತರೆ ಮಾತ್ರ. ಒಂದೇ ಹೂಕಿನಿಂದ ಎರಡು ಕಾಲು ಹರಡಿದಾಗ ಅವು ಒಂದನ್ನೊಂದು ಎಳೆಯುತ್ತವೆ. 10 ಟನ್ ಲೋಡಿಗೆ ಕಾಲುಗಳು ನೆಲದ ಮಟ್ಟಕ್ಕೆ 60 ಡಿಗ್ರಿಯಲ್ಲಿದ್ದರೆ ಒಂದೊಂದರ ಮೇಲೆ ಸುಮಾರು 5.8 ಟನ್. 45 ಡಿಗ್ರಿಗೆ 7.1 ಟನ್. 30 ಡಿಗ್ರಿಗೆ ಬಂದರೆ ಒಂದೊಂದು ಕಾಲಿನ ಮೇಲೂ ಪೂರ್ತಿ 10 ಟನ್.

ಕೋನ ಅಳೆಯುವ ಸಾಧನ ಬೇಕಿಲ್ಲ. ಲೋಡಿನ ಎರಡು ಕೊಂಡಿಗಳ ನಡುವೆ ಎಷ್ಟು ಅಂತರ ಇದೆಯೋ ಸ್ಲಿಂಗಿನ ಕಾಲೂ ಅಷ್ಟೇ ಉದ್ದ ಇದ್ದರೆ ಅದು 60 ಡಿಗ್ರಿ. ಅದಕ್ಕಿಂತ ಗಿಡ್ಡ ಇದ್ದರೆ ಉದ್ದದ್ದು ತನ್ನಿ. ಕುಣಿಕೆ ಹಾಕಿ ಬಿಗಿದು ಎತ್ತುವಾಗ ಸ್ಲಿಂಗಿನ ಶಕ್ತಿ ಇನ್ನೂ ಕಡಿಮೆಯಾಗುತ್ತೆ, ಟ್ಯಾಗಿನಲ್ಲಿ ಆ ಸಂಖ್ಯೆ ಬೇರೆಯೇ ಇರುತ್ತದೆ. ಓದಿ.

ಬೆಲ್ಟ್, ವೈರ್ ರೋಪ್ ಯಾವಾಗ ಬಿಸಾಕಬೇಕು? ಸ್ಟೋರಿನವರು ಹೊಸದು ಕೊಡಲ್ಲ.

ಬೆಲ್ಟಿನ ಬಣ್ಣ ನೋಡಿ: ನೇರಳೆ 1 ಟನ್, ಹಸಿರು 2, ಹಳದಿ 3, ಬೂದು 4, ಕೆಂಪು 5, ಕಂದು 6, ನೀಲಿ 8, ಕಿತ್ತಳೆ 10. ಆದರೆ ಬಣ್ಣ ಗಣಿ ಧೂಳಲ್ಲಿ ಒಂದು ತಿಂಗಳಿಗೆ ಎಲ್ಲವೂ ಕೆಂಪೇ ಆಗಿರುತ್ತದೆ! ಆದ್ದರಿಂದ ಲೇಬಲ್ ಮುಖ್ಯ. ಲೇಬಲ್ ಕಿತ್ತುಹೋಗಿದ್ದರೆ ಅದನ್ನು ಬಳಸಬೇಡಿ, ಎಷ್ಟೇ ಹೊಸದಾಗಿ ಕಂಡರೂ. ಅಂಚು ಕತ್ತರಿಸಿದ್ದರೆ, ಹೊಲಿಗೆ ಬಿಟ್ಟಿದ್ದರೆ, ವೆಲ್ಡಿಂಗ್ ಕಿಡಿಗೆ ಕರಗಿದ್ದರೆ ಮುಗಿಯಿತು. ಗಂಟು ಹಾಕಿ ಗಿಡ್ಡ ಮಾಡೋದೂ ಬೇಡ.

ವೈರ್ ರೋಪಿಗೆ ಹಳೆಯ ಲೆಕ್ಕ ಒಂದಿದೆ: ರೋಪಿನ ದಪ್ಪದ ಎಂಟು ಪಟ್ಟು ಉದ್ದದಲ್ಲಿ ಒಟ್ಟು ತಂತಿಗಳ ಶೇ. 10ಕ್ಕಿಂತ ಹೆಚ್ಚು ತುಂಡಾಗಿ ಕಂಡರೆ ತೆಗೆಯಬೇಕು. 20 ಮಿ.ಮೀ. ರೋಪಾದರೆ 16 ಸೆ.ಮೀ. ಉದ್ದದಲ್ಲಿ ಎಣಿಸಬೇಕು. ಕಾಯುವುದೇ ಬೇಡ, ಹಕ್ಕಿ ಗೂಡಿನ ಹಾಗೆ ಎಳೆ ಬಿಚ್ಚಿಕೊಂಡಿದ್ದರೆ, ಮುರಿದ ಹಾಗೆ ಮಡಚಿದ್ದರೆ ಅವತ್ತೇ ತೆಗೆಯಿರಿ. ಕೈಯಲ್ಲಿ ಸವರಿ ನೋಡಬೇಡಿ. ಹಳೆ ಬಟ್ಟೆ ಸುತ್ತಿ ಎಳೆಯಿರಿ, ದಾರ ಸಿಕ್ಕಿಕೊಂಡ ಕಡೆ ನಿಂತು ಎಣಿಸಿ. ಗ್ರೀಸಿಗೆ ಅದಿರಿನ ಪುಡಿ ಸೇರಿದರೆ ಅದು ಉಜ್ಜುವ ಪೇಸ್ಟಿನ ಹಾಗೆ ತಂತಿಯನ್ನು ತಿನ್ನುತ್ತದೆ. ಅದಕ್ಕೇ ಹಳೆ ಗ್ರೀಸ್ ಒರೆಸದೆ ಹೊಸದು ಬಳಿಯಬೇಡಿ.

ಸ್ಟೋರಿನ ವಿಷಯ: ಕೆಟ್ಟ ಸ್ಲಿಂಗನ್ನು ಕತ್ತರಿಸಿ ಎರಡು ತುಂಡು ಮಾಡಿ ವಾಪಸ್ ಕೊಡಿ. ಹಾಗೇ ಇಟ್ಟರೆ ರಾತ್ರಿ ಪಾಳಿಯವರು ಅದನ್ನೇ ಎತ್ತಿಕೊಳ್ಳುತ್ತಾರೆ. ಚೂಪು ಅಂಚಿಗೆ ಹಳೆ ಕನ್ವೇಯರ್ ಬೆಲ್ಟಿನ ತುಂಡು ಮಡಚಿ ಕೊಡಿ. ಗಣಿಯಲ್ಲಿ ಅದಕ್ಕೆ ಬರ ಇಲ್ಲ.

ಲೋಡ್ ತಿರುಗುತ್ತೆ, ಕೈಯಲ್ಲಿ ಹಿಡಿದು ಕೂರಿಸದೆ ಹೇಗೆ?

ಹಗ್ಗ ಕಟ್ಟಿ, ಎರಡು ಕಡೆಯಿಂದ ಇಬ್ಬರು ಹಿಡಿಯಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಬೋಲ್ಟ್ ತೂತು ಕೂಡಿಸುವಾಗ ಬೆರಳು ತೂರಿಸಬೇಡಿ, ಪಾಡ್ಜರ್ ಸ್ಪಾನರ್ (ಹಿಡಿ ಚೂಪಾಗಿರುವ ಸ್ಪಾನರ್) ಹಾಕಿ. ಹೋಗುವ ಬೆರಳು ಹೆಚ್ಚಾಗಿ ಹೋಗೋದು ಕೊನೆಯ ಒಂದು ಇಂಚಿನಲ್ಲಿ. ಸ್ಲಿಂಗ್ ಬಿಗಿಯಾಗುವಾಗ ಅದನ್ನು ಹಿಡಿದು ಸರಿಮಾಡುವ ಅಭ್ಯಾಸವೂ ಅಷ್ಟೇ ಕೆಟ್ಟದ್ದು, ಕೈ ಲೋಡಿಗೂ ಸ್ಲಿಂಗಿಗೂ ನಡುವೆ ಸಿಕ್ಕುತ್ತದೆ. ನೆಲದಿಂದ ಒಂದು ಗೇಣು ಎತ್ತಿ, ನಿಲ್ಲಿಸಿ, ಎಲ್ಲರೂ ಹಿಂದೆ ಸರಿದು ನೋಡಿ, ಆಮೇಲೆ ಮುಂದೆ. ಲೋಡಿನ ಕೆಳಗೆ ಯಾರೂ, ಯಾವತ್ತೂ ಇರಬಾರದು.

ಸಿಗ್ನಲ್ ಒಬ್ಬನೇ ಕೊಡಬೇಕು. "ನಿಲ್ಲಿಸು" ಮಾತ್ರ ಯಾರು ಕೊಟ್ಟರೂ ಆಪರೇಟರ್ ನಿಲ್ಲಿಸಬೇಕು.

## ಸ್ವಲ್ಪ ಅನುಭವ ಇರುವವರಿಗೆ

ಅಲಾರಂ ಸುಮ್ಮನೆ ಹೊಡ್ಕೊಳ್ಳುತ್ತೆ. ಬೈಪಾಸ್ ಕೀ ತಿರುಗಿಸಿ ಕೆಲಸ ಮುಗಿಸಬಹುದಾ?

ಬೇಡ. ಭಾರ ಮಿತಿ ದಾಟಿದಾಗ ಎಚ್ಚರಿಸುವ ಲೋಡ್ ಇಂಡಿಕೇಟರ್ ತಪ್ಪು ತೋರಿಸುತ್ತಿದೆ ಅನ್ನಿಸಿದರೆ ಗೊತ್ತಿರುವ ತೂಕ ಎತ್ತಿ ಪರೀಕ್ಷಿಸಿ, ಕೆಟ್ಟಿದ್ದರೆ ರಿಪೇರಿ ಮಾಡಿಸಿ. ಆಪರೇಟರ್ ಒತ್ತಿದ ಬೂಮ್ ಉದ್ದ, ಔಟ್‌ರಿಗರ್ ಸ್ಥಿತಿ ತಪ್ಪಾಗಿದ್ದರೆ ಇಂಡಿಕೇಟರ್ ಹೇಳೋದೂ ತಪ್ಪೇ. ಹಾಗಾಗಿ ಅದು ಹಸಿರು ತೋರಿಸಿದರೂ ಚಾರ್ಟ್ ನೋಡಿರಬೇಕು. ಹೂಕ್ ಬ್ಲಾಕ್ ಬೂಮಿನ ತುದಿಗೆ ಬಡಿಯದಂತೆ ತಡೆಯುವ ಸ್ವಿಚ್ಚಿಗೆ ತಂತಿ ಕಟ್ಟಿಟ್ಟ ಕ್ರೇನ್‌ಗಳನ್ನು ನೋಡಿದ್ದೇನೆ. ಬೂಮ್ ಚಾಚುವಾಗ ಬ್ಲಾಕ್ ತಾನಾಗೇ ಮೇಲೆ ಏರುತ್ತದೆ, ಬಡಿದರೆ ರೋಪ್ ತುಂಡಾಗಿ ಎಲ್ಲಾ ಕೆಳಗೆ. ಬೆಳಗ್ಗೆ ಕ್ರೇನ್ ಒಳಗೆ ಬರುವಾಗಲೇ ಆ ಸ್ವಿಚ್ ಒತ್ತಿ ನೋಡಿ.

ಬೂಮ್ ಕರೆಂಟ್ ವೈರಿಗೆ ತಾಗಿದ್ರೆ ಆಪರೇಟರ್ ಹಾರಿ ಓಡಬೇಕಾ?

ಓಡಬಾರದು. ಕ್ಯಾಬಿನ್ ಒಳಗೇ ಕೂತಿರಬೇಕು. ಆಗಲೇ ನೆಲದ ಮೇಲೆ ಇರುವವರಿಗೆ ಅಪಾಯ ಜಾಸ್ತಿ. ಯಾರೂ ಕ್ರೇನ್, ಲೋಡ್, ಹಗ್ಗ ಮುಟ್ಟಬಾರದು, ದೂರ ಹೋಗಬೇಕು. ಸಾಧ್ಯವಾದರೆ ಆಪರೇಟರ್ ಬೂಮನ್ನು ನಿಧಾನವಾಗಿ ಬಿಡಿಸಿಕೊಳ್ಳಬಹುದು. ಇಲ್ಲದಿದ್ದರೆ ಸಬ್‌ಸ್ಟೇಷನ್‌ನಿಂದ ಲೈನ್ ಆಫ್ ಆಗಿ, ಅದು ಖಾತ್ರಿಯಾಗುವ ತನಕ ಕಾಯಬೇಕು. ಟ್ರಿಪ್ ಆದ ಲೈನ್ ಮತ್ತೆ ತಾನಾಗೇ ಚಾರ್ಜ್ ಆಗಬಹುದು.

ಬೆಂಕಿ ಹತ್ತಿದರೆ ಮಾತ್ರ ಇಳಿಯಬೇಕು. ಆಗ ಎರಡೂ ಕಾಲು ಜೋಡಿಸಿ, ಕ್ರೇನನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದ ಹಾಗೆ ಜಿಗಿಯಬೇಕು. ಆಮೇಲೆ ಕಾಲು ಜೋಡಿಸಿಕೊಂಡೇ ಪುಟ್ಟ ಪುಟ್ಟ ಹೆಜ್ಜೆ ಉಜ್ಜುತ್ತಾ ದೂರ ಹೋಗಬೇಕು. ದೊಡ್ಡ ಹೆಜ್ಜೆ ಇಟ್ಟರೆ ಎರಡು ಪಾದಗಳ ಕೆಳಗಿನ ವೋಲ್ಟೇಜ್ ಬೇರೆ ಬೇರೆ ಆಗಿ ಕರೆಂಟ್ ಮೈಯೊಳಗೆ ಹರಿಯುತ್ತದೆ. ಇದನ್ನು ಓದಿ ಬಿಡಬೇಡಿ, ಒಂದು ಸಲ ಆಪರೇಟರ್ ಜತೆ ನಿಂತು ಮಾಡಿ ನೋಡಿ. ಅದಕ್ಕಿಂತ ಮೊದಲು, ಲೈನ್ ಹತ್ತಿರ ಕೆಲಸ ಇದ್ದರೆ ಲೈನ್ ಆಫ್ ಮಾಡಿಸಿ ಪರ್ಮಿಟ್ ತೆಗೆದುಕೊಳ್ಳಿ.

ಗುಡ್ಡದ ಮೇಲೆ ಗಾಳಿ ಯಾವಾಗಲೂ ಇರುತ್ತೆ. ಎಷ್ಟಕ್ಕೆ ನಿಲ್ಲಿಸಬೇಕು?

ಆ ಕ್ರೇನಿನ ಮ್ಯಾನುಯಲ್ ಹೇಳಿದಷ್ಟಕ್ಕೆ. ಆದರೆ ಆ ಮಿತಿ ಗಟ್ಟಿ, ಸಣ್ಣ ಲೋಡಿಗೆ. ಅಗಲವಾದ ಲೋಡ್ ಹಾಯಿ ಇದ್ದ ಹಾಗೆ. 6 ಮೀಟರ್ ಉದ್ದ 3 ಮೀಟರ್ ಅಗಲದ ಶೆಡ್ ಪ್ಯಾನಲನ್ನು ಗಂಟೆಗೆ 36 ಕಿ.ಮೀ. ಗಾಳಿ ಎದುರಿಗೆ ಹಿಡಿದರೆ ನೂರು ಕೆಜಿಗೂ ಮೇಲೆ ತಳ್ಳುತ್ತದೆ. ಗಾಳಿ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಹಗ್ಗ ಹಿಡಿದ ಇಬ್ಬರಿಂದ ಅದು ಆಗದ ಮಾತು.

1999ರ ಜುಲೈ 14ರಂದು ಅಮೆರಿಕದ ಮಿಲ್ವಾಕಿಯಲ್ಲಿ ಕ್ರೀಡಾಂಗಣದ ಚಾವಣಿಯ 400 ಟನ್ನಿಗೂ ಹೆಚ್ಚಿನ ಭಾಗ ಎತ್ತುವಾಗ ದೈತ್ಯ ಕ್ರೇನ್ ಕುಸಿದು ಮೂವರು ಕಾರ್ಮಿಕರು ಸತ್ತರು. ಅವತ್ತು ಗಾಳಿ ಜೋರಾಗಿತ್ತು, ಎತ್ತಿದ ಲೋಡಿನ ಮೇಲೆ ಗಾಳಿ ಹಾಕುವ ಬಲವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸತ್ತವರು ಇನ್ನೊಂದು ಕ್ರೇನಿನ ಬುಟ್ಟಿಯಲ್ಲಿದ್ದು ಕೆಲಸ ಕಾಯುತ್ತಿದ್ದವರು.

ಗಾಳಿ ಅಳೆಯುವ ಮೀಟರ್ ಬೂಮಿನ ತುದಿಯಲ್ಲಿರಬೇಕು. ಕೆಳಗೆ ನಿಂತು "ಪರವಾಗಿಲ್ಲ" ಅನ್ನೋದು ಲೆಕ್ಕಕ್ಕಿಲ್ಲ. ಗುಡುಗು ಕೇಳಿಸಿದರೆ ಬೂಮ್ ಇಳಿಸಿ.

ಒಂದು ಕ್ರೇನ್ ಸಾಲದು, ಎರಡು ಹಾಕಿ ಎತ್ತೋಣ ಅಂತಿದ್ದಾರೆ.

ದೊಡ್ಡದು ಒಂದು ತರಿಸಲು ಸಾಧ್ಯವಿದ್ದರೆ ಅದೇ ಒಳ್ಳೆಯದು, ಬಾಡಿಗೆ ಜಾಸ್ತಿಯಾದರೂ. ಎರಡು ಕ್ರೇನ್ ಅಂದರೆ ಭಾರ ಸಮ ಹಂಚಿಕೆಯಾಗಿರಲ್ಲ. ಒಂದು ಸ್ವಲ್ಪ ಮುಂದೆ ಎತ್ತಿದರೆ ಇನ್ನೊಂದರ ಪಾಲು ಇದಕ್ಕೆ ಬರುತ್ತದೆ. ಮಾಡಲೇಬೇಕಾದರೆ ಯಾವ ಕ್ರೇನೂ ಚಾರ್ಟಿನ ಶೇ. 75 ದಾಟಬಾರದು, ಬರೆದ ಪ್ಲಾನ್ ಇರಬೇಕು, ಇಬ್ಬರು ಆಪರೇಟರ್‌ಗಳಿಗೂ ಸಿಗ್ನಲ್ ಒಬ್ಬನೇ ಕೊಡಬೇಕು. ಒಂದು ಕ್ರೇನ್, ಇನ್ನೊಂದು ಕಡೆ ಹಿಟಾಚಿ ಬಕೆಟ್ಟಿಗೆ ಸ್ಲಿಂಗ್ ಸಿಕ್ಕಿಸಿ ಎತ್ತೋದು ಟ್ಯಾಂಡಂ (ಜೋಡಿ ಕ್ರೇನ್) ಲಿಫ್ಟ್ ಅಲ್ಲ, ಅದನ್ನು ನಿಲ್ಲಿಸಿ.

ಕ್ರೇನ್ ಬಾಡಿಗೆಯದು, ಆಪರೇಟರ್ ಅವರವನು. ಏನಾದ್ರೂ ಆದ್ರೆ ಜವಾಬ್ದಾರಿ ಅವರದೇ ಅಲ್ವಾ?

ಗಣಿ ಗೇಟಿನ ಒಳಗೆ ಬಂದ ಮೇಲೆ ಅವನು ಗಣಿ ಕೆಲಸಗಾರನೇ. 1952ರ ಗಣಿ ಕಾಯ್ದೆಯ ಕಾಲದಿಂದಲೂ ಮಾಲೀಕ, ಏಜೆಂಟ್ (ಮಾಲೀಕನ ಪ್ರತಿನಿಧಿ), ಮ್ಯಾನೇಜರ್ ಇವರ ಹೊಣೆ ಕಾಂಟ್ರಾಕ್ಟ್ ಕೊಟ್ಟ ಮಾತ್ರಕ್ಕೆ ಕಳಚಿಕೊಳ್ಳುವುದಿಲ್ಲ. ಹೊಸಬರಿಗೆ ತರಬೇತಿ ಕೊಡಬೇಕು ಅನ್ನೋದಕ್ಕೆ 1966ರಲ್ಲೇ ವೃತ್ತಿ ತರಬೇತಿ ನಿಯಮಗಳು ಬಂದವು. ಒಂದೇ ದಿನಕ್ಕೆ ಬಂದ ಆಪರೇಟರ್‌ಗೂ ಗಣಿಯ ರಸ್ತೆ, ಬ್ಲಾಸ್ಟಿಂಗ್ ಸಮಯ, ಲೈನ್ ಎಲ್ಲೆಲ್ಲಿದೆ ಅಂತ ತೋರಿಸಬೇಕು. ಕ್ರೇನಿನ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಇರುವ ಸೀರಿಯಲ್ ನಂಬರ್ ಕ್ರೇನಿನ ಮೇಲೂ ಅದೇ ಇದೆಯಾ ಅಂತ ಒಂದು ಸಲ ತಾಳೆ ನೋಡಿ, ಇದನ್ನು ಯಾರೂ ಮಾಡೋದಿಲ್ಲ.

ಸಾವು ಅಥವಾ ಗಂಭೀರ ಗಾಯ ಆದರೆ ಗಣಿ ಸುರಕ್ಷತಾ ಇಲಾಖೆಗೆ, ಅಂದರೆ ಡಿಜಿಎಂಎಸ್‌ಗೆ, ತಿಳಿಸಬೇಕು. ಅದರ ಮುಖ್ಯ ಕಚೇರಿ ಧನ್‌ಬಾದ್‌ನಲ್ಲಿದೆ, ನಮ್ಮ ಭಾಗಕ್ಕೆ ಬಳ್ಳಾರಿಯಲ್ಲೇ ಕಚೇರಿ ಇದೆ. ಜನರನ್ನು ಉಳಿಸಲು ಬೇಕಾದ್ದನ್ನು ಬಿಟ್ಟು ಆ ಜಾಗದಲ್ಲಿ ಏನನ್ನೂ ಅಲುಗಾಡಿಸಬಾರದು.

ಸರ್, ನನಗೆ ಸರಿ ಅನ್ನಿಸಲ್ಲ. ಆದ್ರೆ ಬೇಡ ಅಂದ್ರೆ ನಾಳೆಯಿಂದ ಬರಬೇಡ ಅಂತಾರೆ. ಏನ್ ಮಾಡ್ಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು, ನನಗೆ ಎಲ್ಲಕ್ಕಿಂತ ಕಷ್ಟದ್ದೂ ಇದೇ. ಮನೆಯಲ್ಲಿ ಮಕ್ಕಳಿರುವ ಹೆಲ್ಪರ್‌ಗೆ "ಧೈರ್ಯವಾಗಿ ಇಲ್ಲ ಅನ್ನು" ಅಂತ ಕೂತಲ್ಲಿಂದ ಹೇಳೋದು ಸುಲಭ, ಗೊತ್ತು.

ಕೆಲಸಕ್ಕೆ ಬಂದ ಒಂದು ದಾರಿ ಹೇಳುತ್ತೇನೆ. "ಆಗಲ್ಲ" ಅನ್ನುವ ಬದಲು ಪ್ರಶ್ನೆ ಕೇಳಿ. "ಸರ್, ಲೋಡ್ ಎಷ್ಟು ಟನ್ ಅಂತ ಬರೆದುಕೊಳ್ಳಲಿ?" "ಈ ದೂರಕ್ಕೆ ಚಾರ್ಟ್‌ನಲ್ಲಿ ಎಷ್ಟಿದೆ ಸರ್?" "ಈ ಪಾದದ ಕೆಳಗೆ ಏನಿದೆ?" ಉತ್ತರ ಗೊತ್ತಿಲ್ಲದವನು ಅಲ್ಲೇ ನಿಲ್ಲುತ್ತಾನೆ, ಜಗಳ ಆಗೋದಿಲ್ಲ. ಒಬ್ಬನೇ ಹೋಗಬೇಡಿ, ಆಪರೇಟರ್ ಜತೆ ಮೊದಲೇ ಮಾತಾಡಿಕೊಳ್ಳಿ. ಲಿವರ್ ಅವನ ಕೈಯಲ್ಲಿದೆ, ಅವನು ಇಳಿಸಿದರೆ ಲಿಫ್ಟ್ ನಿಂತ ಹಾಗೇ. ಆಗಲೂ ಒತ್ತಾಯ ಮಾಡಿದರೆ ಮೇಟ್, ಫೋರ್‌ಮನ್, ಸೇಫ್ಟಿ ಆಫೀಸರ್, ಮ್ಯಾನೇಜರ್, ಈ ಕ್ರಮದಲ್ಲಿ ಹೋಗಿ.

ಸೂಪರ್‌ವೈಸರ್ ಆಗಿ ಓದುತ್ತಿದ್ದರೆ ನಿಮಗೊಂದು ಮಾತು. ನಿಮ್ಮ ಹುಡುಗ ಲಿಫ್ಟ್ ನಿಲ್ಲಿಸಿ, ಆಮೇಲೆ ನೋಡಿದರೆ ಎಲ್ಲಾ ಸರಿಯೇ ಇತ್ತು ಅಂತಾದರೂ ಅವನನ್ನು ಬೈಯಬೇಡಿ. ಎಲ್ಲರ ಮುಂದೆ "ಒಳ್ಳೇದು ಮಾಡಿದೆ ತಮ್ಮಾ" ಅನ್ನಿ. ಇಪ್ಪತ್ತು ನಿಮಿಷ ಹೋಗಿರುತ್ತೆ. ಕೆಂಪು ನೀರು ಉಕ್ಕುವ ದಿನ ಕೈ ಎತ್ತುವವನು ಅವನೇ.